ನಂಬರು ನೋಡಿಸಿದರೆ ಕಣ್ಣು ನೋಡಿಸಿದಂತಲ್ಲ: ನಲವತ್ತು ದಾಟಿದವರಿಗೆ ಕಣ್ಣಿನ ತಪಾಸಣೆಯ ಕೈಪಿಡಿ

ನಲವತ್ತರ ಆಸುಪಾಸಿನಲ್ಲಿ ಮೊಬೈಲನ್ನೋ ಮದುವೆ ಕಾಗದವನ್ನೋ ತುಸು ದೂರ ಹಿಡಿದು ಓದುವುದು ಶುರುವಾದಾಗ ಬಹಳಷ್ಟು ಜನ ಹೋಗುವುದು ಹತ್ತಿರದ ಕನ್ನಡಕದ ಅಂಗಡಿಗೆ. ಅಲ್ಲಿ ಗಲ್ಲ ಊರಿ ಯಂತ್ರದೊಳಗೆ ಇಣುಕಿ, ನಾಲ್ಕಾರು ಗಾಜು ಬದಲಿಸಿ ನೋಡಿ, ಪ್ಲಸ್ 1.00 ಎಂದೋ 1.25 ಎಂದೋ ನಂಬರು ಬರೆಸಿಕೊಂಡು ಚಾಳೀಸು ಕನ್ನಡಕ ಮಾಡಿಸಿಕೊಂಡು ಬರುತ್ತಾರೆ. ಓದುವುದು ಸಲೀಸಾಗುತ್ತದೆ. ಕಣ್ಣು ತೋರಿಸಿ ಆಯಿತು ಎಂಬ ಸಮಾಧಾನವೂ ಸಿಗುತ್ತದೆ. ತೊಂದರೆ ಇರುವುದು ಆ ಸಮಾಧಾನದಲ್ಲೇ. ಬೆಳಕು ಕಣ್ಣಿನೊಳಗೆ ಎಲ್ಲಿ ಕೂಡಿಕೊಳ್ಳುತ್ತದೆ ಎಂಬುದನ್ನಷ್ಟೇ ನಂಬರು ಹೇಳುತ್ತದೆ. ಹಿಂದಿರುವ ಅಕ್ಷಿಪಟ (ರೆಟಿನಾ), ಅಲ್ಲಿಂದ ಮಿದುಳಿಗೆ ಹೋಗುವ ದೃಷ್ಟಿ ನರ, ಕಣ್ಣಿನೊಳಗಿನ ಒತ್ತಡ ಇವು ಹೇಗಿವೆ ಎಂದು ಅದು ಹೇಳುವುದಿಲ್ಲ. ದೃಷ್ಟಿ ನರವನ್ನು ಸವೆಸಿ ದೃಷ್ಟಿಯನ್ನು ಮರಳಿ ಬಾರದಂತೆ ಕಸಿಯುವ ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾಗುವ ಅಕ್ಷಿಪಟದ ಹಾನಿ ಎರಡೂ ಗೋಡೆಯ ಮೇಲಿನ ಕೊನೆಯ ಸಾಲನ್ನು ತಡವರಿಸದೆ ಓದುವವರಲ್ಲೇ ವರ್ಷಗಟ್ಟಲೆ ಬೆಳೆಯಬಲ್ಲವು.

ಗ್ಲಾಕೋಮಾ ಹೆಚ್ಚಾಗಿ ಮೊದಲು ತಿನ್ನುವುದು ನೋಟದ ಅಂಚನ್ನು, ನಡುವನ್ನಲ್ಲ. ಒಂದು ಕಣ್ಣಿನಲ್ಲಿ ಕಾಣದ ಜಾಗವನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ. ಹಾಗಾಗಿ ಕಪ್ಪು ಕಲೆಯೇನೂ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಗಲುವುದು, ಪಕ್ಕದಿಂದ ಬಂದ ಬೈಕು ಕಾಣದೇ ಹೋಗುವುದು ಶುರುವಾಗುವಷ್ಟರಲ್ಲಿ ನರದ ದೊಡ್ಡ ಪಾಲು ಹೋಗಿರುತ್ತದೆ. ಹೋದದ್ದನ್ನು ಯಾವ ಔಷಧಿಯೂ ಆಪರೇಷನ್ನೂ ತಂದುಕೊಡುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೆ. ಪೊರೆಯಾದರೆ ತಡವಾಗಿ ಹೋದರೂ ಆಪರೇಷನ್ ಮಾಡಿ ದೃಷ್ಟಿ ತರಬಹುದು. ಇಲ್ಲಿ ಆ ಅವಕಾಶವಿಲ್ಲ.

ಎಷ್ಟು ದಿನಕ್ಕೊಮ್ಮೆ

ಯಾವ ತೊಂದರೆಯೂ ಇಲ್ಲದವರು 40ರ ಹೊತ್ತಿಗೆ ಒಮ್ಮೆ ಪಾಪೆ ಹಿಗ್ಗಿಸಿ ಮಾಡುವ ಪೂರ್ತಿ ತಪಾಸಣೆ ಮಾಡಿಸಿಕೊಳ್ಳಬೇಕು. ಆಗ ಎಲ್ಲ ಸರಿ ಇದೆ ಎಂದು ಬಂದರೂ ಅದು ದಂಡವಲ್ಲ. ಹತ್ತು ವರ್ಷ ಬಿಟ್ಟು ದೃಷ್ಟಿ ನರ ಸ್ವಲ್ಪ ಬದಲಾದಂತೆ ಕಂಡರೆ ಹೋಲಿಸಿ ನೋಡಲು ಈ ದಾಖಲೆಯೇ ಬೇಕಾಗುತ್ತದೆ. ಆಮೇಲೆ 60ರವರೆಗೆ ಎರಡು ವರ್ಷಕ್ಕೊಮ್ಮೆ, 60 ದಾಟಿದ ಮೇಲೆ ವರ್ಷಕ್ಕೊಮ್ಮೆ ಎಂದಿಟ್ಟುಕೊಳ್ಳಬಹುದು.

ಈ ಲೆಕ್ಕ ಕೆಲವರಿಗೆ ಹೊಂದುವುದಿಲ್ಲ. ಟೈಪ್ 2 ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ತಿಂಗಳಲ್ಲೇ ಅಕ್ಷಿಪಟ ತೋರಿಸಬೇಕು. ಏಕೆಂದರೆ ಕಾಯಿಲೆ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಸಕ್ಕರೆ ಏರಿರುತ್ತದೆ. ಗೊತ್ತಾದ ದಿನವೇ ಅಕ್ಷಿಪಟದಲ್ಲಿ ಹಾನಿ ಇರುವವರೂ ಉಂಟು. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ, ಹಾನಿ ಕಂಡರೆ ಡಾಕ್ಟರು ಹೇಳಿದಷ್ಟು ಬೇಗ. ಟೈಪ್ 1 ಇರುವವರು ಐದು ವರ್ಷದೊಳಗೆ ಶುರುಮಾಡಿದರೆ ಸಾಕು. ಮೊದಲೇ ಸಕ್ಕರೆ ಕಾಯಿಲೆ ಇದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು, ಬಸುರಿನ ಸಮಯದಲ್ಲಿ ತಾಯಿಯ ಅಕ್ಷಿಪಟದ ಹಾನಿ ವೇಗವಾಗಿ ಏರಬಲ್ಲದು.

ಅಪ್ಪ, ಅಮ್ಮ, ಅಣ್ಣ, ತಂಗಿ ಹೀಗೆ ಒಡಹುಟ್ಟಿದವರಲ್ಲಿ, ಹೆತ್ತವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ 40ಕ್ಕೂ ಮೊದಲೇ ಶುರುಮಾಡಿ ವರ್ಷಕ್ಕೊಮ್ಮೆ ನೋಡಿಸಿ. ಮೈನಸ್ 6ಕ್ಕಿಂತ ಹೆಚ್ಚಿನ ನಂಬರು ಇರುವವರ ಅಕ್ಷಿಪಟ ಹಿಗ್ಗಿ ತೆಳುವಾಗಿರುತ್ತದೆ. ಲೇಸರ್ ಮಾಡಿಸಿ ಕನ್ನಡಕ ಬಿಟ್ಟಿದ್ದರೂ ಅವರ ಅಕ್ಷಿಪಟ ಹಳೆಯದೇ. ಇದನ್ನು ಮರೆಯುವವರೇ ಹೆಚ್ಚು.

ಔಷಧಿಗಳ ಮಾತೂ ಇದೆ. ಕೀಲುವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತೆಗೆದುಕೊಳ್ಳುವವರು ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷವಾದ ಮೇಲೆ ಪ್ರತಿವರ್ಷ ಅಕ್ಷಿಪಟ ಪರೀಕ್ಷೆ ಮಾಡಿಸಬೇಕು. ಮಾತ್ರೆಯ ಪ್ರಮಾಣ ದಿನಕ್ಕೆ ದೇಹತೂಕದ ಕಿಲೋಗೆ 5 ಮಿಲಿಗ್ರಾಂ ಮೀರಬಾರದು. ಕ್ಷಯದ ಚಿಕಿತ್ಸೆಯಲ್ಲಿ ಎಥಾಂಬ್ಯುಟಾಲ್ ಇರುವವರಿಗೆ ಕೆಂಪು ಬಣ್ಣ ಪೇಲವವಾಗಿ ಕಂಡರೆ ಅಥವಾ ಎರಡೂ ಕಣ್ಣು ಮಸುಕಾದರೆ ತಡಮಾಡದೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ಹೇಳಬೇಕು. ಸ್ಟಿರಾಯ್ಡ್ ಯಾವ ರೂಪದಲ್ಲಿದ್ದರೂ, ಮಾತ್ರೆಯಾಗಲಿ, ರೆಪ್ಪೆಯ ಮೇಲೆ ಹಚ್ಚುವ ಮುಲಾಮಾಗಲಿ, ಬಹುಕಾಲ ಬಳಸಿದರೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಎಲ್ಲಕ್ಕಿಂತ ಅಪಾಯ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಡ್ರಾಪ್ಸ್. ಅದು ಕೆಂಪನ್ನೂ ತುರಿಕೆಯನ್ನೂ ಒಂದೇ ದಿನದಲ್ಲಿ ಇಳಿಸುತ್ತದೆ. ಅದೇ ಕಾರಣಕ್ಕೆ ಜನ ಮತ್ತೆ ಮತ್ತೆ ಅದನ್ನೇ ಕೊಳ್ಳುತ್ತಾರೆ. ಒತ್ತಡ ಸದ್ದಿಲ್ಲದೆ ಏರುತ್ತಿರುತ್ತದೆ.

ಇನ್ನು ಡ್ರೈವಿಂಗ್ ಲೈಸೆನ್ಸ್‌ಗೆ ಬೇಕಾದ ಫಾರ್ಮ್ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ. ನಲವತ್ತು ದಾಟಿದವರು ಅದನ್ನು ಕೊಡಬೇಕು. ಎಷ್ಟೋ ಕಡೆ ಕಣ್ಣನ್ನು ನೋಡದೆಯೇ ಸಹಿ ಬೀಳುತ್ತದೆ. ಅದನ್ನು ತಪಾಸಣೆ ಎಂದು ಲೆಕ್ಕ ಹಾಕಬೇಡಿ.

ಮನೆಯಲ್ಲಿ ತಿಂಗಳಿಗೊಮ್ಮೆ

ಎರಡೂ ಕಣ್ಣು ತೆರೆದು ನೋಡಿದರೆ ಕೆಟ್ಟ ಕಣ್ಣನ್ನು ಒಳ್ಳೆಯ ಕಣ್ಣು ಮುಚ್ಚಿಹಾಕುತ್ತದೆ. ಆದ್ದರಿಂದ ಒಂದೊಂದೇ ಕಣ್ಣನ್ನು ಪರೀಕ್ಷಿಸಿಕೊಳ್ಳಿ. ದೂರದ ಕನ್ನಡಕ ಇದ್ದರೆ ಹಾಕಿಕೊಳ್ಳಿ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಒಂದು ಕಣ್ಣನ್ನು ಮುಚ್ಚಿ. ಬೆರಳಿಂದ ಒತ್ತಬೇಡಿ, ಒತ್ತಿದ ಕಣ್ಣು ಆಮೇಲೆ ಕೆಲವು ನಿಮಿಷ ಮಸುಕಾಗಿಯೇ ಕಾಣುತ್ತದೆ. ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ಗಾತ್ರದ ಅಕ್ಷರದವರೆಗೆ ಓದಬಲ್ಲಿರಿ ಎಂದು ನೋಡಿ, ಪ್ರತಿ ತಿಂಗಳೂ ಅದೇ ಜಾಗದಲ್ಲಿ ನಿಂತು ನೋಡಿ. ಗಾಡಿ ಓಡಿಸುವವರು ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ ಎಂದು ನೋಡಿಕೊಳ್ಳಬಹುದು. ಲೈಸೆನ್ಸ್ ಅರ್ಜಿಯಲ್ಲಿ ಕೇಳುವುದೂ ಇದನ್ನೇ.

ಒಂದು ಕಣ್ಣು ಮಸುಕು ಎನಿಸಿದರೆ ದಪ್ಪ ರಟ್ಟಿನಲ್ಲಿ ಸೂಜಿಯಿಂದ ಒಂದು ಮಿಲಿಮೀಟರಿನಷ್ಟು ತೂತು ಮಾಡಿ, ಅದರ ಮೂಲಕ ಅದೇ ಅಕ್ಷರ ನೋಡಿ. ಸ್ಪಷ್ಟವಾದರೆ ಬಹುಮಟ್ಟಿಗೆ ಅದು ನಂಬರಿನ ದೋಷ, ಕನ್ನಡಕದಿಂದ ಸರಿಹೋಗುತ್ತದೆ. ಹಾಗೆಯೇ ಉಳಿದರೆ ಅಥವಾ ಇನ್ನೂ ಹದಗೆಟ್ಟರೆ ಪೊರೆಯೋ ಅಕ್ಷಿಪಟದ ತೊಂದರೆಯೋ ಇರಬಹುದು. ಅಂಥವರು ಅಂಗಡಿಯಿಂದ ಅಂಗಡಿಗೆ ಕನ್ನಡಕ ಬದಲಿಸುತ್ತಾ ಅಲೆಯುವುದರಲ್ಲಿ ಅರ್ಥವಿಲ್ಲ, ನೇರ ಕಣ್ಣಿನ ಡಾಕ್ಟರಲ್ಲಿಗೇ ಹೋಗಬೇಕು.

50 ದಾಟಿದವರು ಇನ್ನೊಂದು ಮಾಡಬಹುದು. ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕದ ಒಂದು ಹಾಳೆಯ ನಡುವೆ ಪೆನ್ನಿನಿಂದ ದಪ್ಪ ಚುಕ್ಕಿ ಇಡಿ. ಓದುವ ಕನ್ನಡಕ ಹಾಕಿ, ಹಾಳೆಯನ್ನು 30ರಿಂದ 35 ಸೆಂಟಿಮೀಟರ್ ದೂರ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕಿಯನ್ನೇ ನೋಡಿ. ಸುತ್ತಲ ಗೆರೆಗಳು ಸೊಟ್ಟಗೆ, ಅಲೆಅಲೆಯಾಗಿ ಕಂಡರೆ, ಯಾವುದಾದರೂ ಚೌಕ ಕಾಣೆಯಾಗಿದ್ದರೆ ಅಕ್ಷಿಪಟದ ನಟ್ಟನಡುವಿನ ಮ್ಯಾಕುಲಾದಲ್ಲಿ ತೊಂದರೆ ಇದೆ ಎಂದರ್ಥ. ಹೊಸದಾಗಿ ಸೊಟ್ಟ ಕಂಡರೆ ಆ ವಾರವೇ ತೋರಿಸಿ. ವಯಸ್ಸಿನಿಂದ ಬರುವ ಮ್ಯಾಕುಲಾದ ಸವೆತದಲ್ಲಿ ಒಂದು ಬಗೆಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ನು ಕೆಲಸ ಮಾಡುತ್ತದೆ, ಆದರೆ ಕಲೆ ಕಟ್ಟುವ ಮೊದಲು ಕೊಟ್ಟರೆ ಮಾತ್ರ. ಬೀಡಿ ಸಿಗರೇಟು ಸೇದುವವರಿಗೆ ಈ ಕಾಯಿಲೆ ಹೆಚ್ಚು.

ಈ ಮನೆ ಪರೀಕ್ಷೆಗಳಿಂದ ಗ್ಲಾಕೋಮಾ ಶುರುವಿನಲ್ಲಿ ಸಿಗುವುದಿಲ್ಲ. ಎಲ್ಲ ಚೆನ್ನಾಗಿ ಕಾಣುತ್ತಿದೆ ಎಂದು ಆಸ್ಪತ್ರೆಯ ತಪಾಸಣೆ ಬಿಡುವಂತಿಲ್ಲ.

ಹೊರಡುವ ಮುಂಚೆ

ಈಗ ಬಳಸುವ ಎಲ್ಲ ಕನ್ನಡಕಗಳು, ಹಳೆಯ ಚೀಟಿಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹಾಳೆಗಳು, ಇತ್ತೀಚಿನ ಸಕ್ಕರೆ ಮತ್ತು ಬಿಪಿ ವರದಿ ಇವನ್ನು ಚೀಲಕ್ಕೆ ಹಾಕಿಕೊಳ್ಳಿ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುವವರು ಅದನ್ನು ಖಂಡಿತ ಹೇಳಬೇಕು. ಆ ಮಾತ್ರೆಯಿಂದ ಪೊರೆ ಆಪರೇಷನ್ ವೇಳೆ ಪಾಪೆ ಜೋಲು ಬಿದ್ದು ಕಿರಿದಾಗುತ್ತದೆ, ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಾಗಿರುತ್ತಾರೆ. ಮಾತ್ರೆ ನಿಲ್ಲಿಸಿ ಹೋದರೂ ಅದರ ಪ್ರಭಾವ ಉಳಿದಿರುತ್ತದೆ, ಹಾಗಾಗಿ ಹಿಂದೆ ತೆಗೆದುಕೊಂಡಿದ್ದರೂ ಹೇಳಿ. ಅಸ್ತಮಾ ಇರುವವರೂ ಹೇಳಬೇಕು: ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಡ್ರಾಪ್ಸ್ ಉಸಿರಾಟದ ತೊಂದರೆ ಕೆರಳಿಸಬಹುದು.

ಸಕ್ಕರೆ ಹತೋಟಿಯಲ್ಲಿಲ್ಲದಾಗ ನಂಬರು ಬರೆಸಿ ಕನ್ನಡಕ ಮಾಡಿಸಿದರೆ ದುಡ್ಡು ಹಾಳು. ಸಕ್ಕರೆ ಏರಿಳಿದಂತೆ ಕಣ್ಣಿನ ಲೆನ್ಸು ನೀರು ಹೀರಿ ಉಬ್ಬಿ ಇಳಿಯುತ್ತದೆ, ಅದರೊಂದಿಗೆ ನಂಬರೂ ಓಡಾಡುತ್ತದೆ. ಹೊಸದಾಗಿ ಚಿಕಿತ್ಸೆ ಶುರುಮಾಡಿದವರಿಗೆ ಹಳೆಯ ಕನ್ನಡಕ ಇದ್ದಕ್ಕಿದ್ದಂತೆ ಹೊಂದದಿರುವುದು ಇದರಿಂದಲೇ. ಸಕ್ಕರೆ ಒಂದು ಮಟ್ಟಕ್ಕೆ ನಿಂತು ನಾಲ್ಕರಿಂದ ಆರು ವಾರವಾದ ಮೇಲೆ ನಂಬರು ತೆಗೆಸಿ. ಅಕ್ಷಿಪಟದ ಪರೀಕ್ಷೆಗೆ ಮಾತ್ರ ಕಾಯಬೇಡಿ, ಅದನ್ನು ತಕ್ಷಣವೇ ಮಾಡಿಸಿ.

ಸ್ಕೂಟರ್ ಬಿಟ್ಟು ಬಸ್ಸಿನಲ್ಲೋ ಆಟೋದಲ್ಲೋ ಹೋಗಿ, ಸಾಧ್ಯವಾದರೆ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ಕಪ್ಪು ಕನ್ನಡಕವೋ ಅಂಚಿರುವ ಟೋಪಿಯೋ ಇರಲಿ. ಉಪವಾಸ ಬೇಡ. ಇಡೀ ಪರೀಕ್ಷೆಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಸಕ್ಕರೆ ಮಾತ್ರೆ ನುಂಗಿ ತಿಂಡಿ ಬಿಟ್ಟು ಬಂದವರು ಸಾಲಿನಲ್ಲಿ ಕುಳಿತಲ್ಲೇ ಬೆವರುವುದು ಕಣ್ಣಿನ ಓಪಿಡಿಗಳಲ್ಲಿ ಹೊಸದಲ್ಲ. ಗ್ಲಾಕೋಮಾ ಡ್ರಾಪ್ಸ್ ಬಳಸುವವರು ಅಂದೂ ಎಂದಿನಂತೆ ಹಾಕಿಕೊಂಡೇ ಬರಬೇಕು. ಬಿಟ್ಟು ಬಂದರೆ ಡ್ರಾಪ್ಸ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಪರೀಕ್ಷೆ ನಡೆಯುವ ರೀತಿ

ಮೊದಲು ಚಾರ್ಟ್ ಓದಿಸುತ್ತಾರೆ. 6/6 ಎಂದರೆ 6 ಮೀಟರಿನಿಂದ ಓದಬೇಕಾದ್ದನ್ನು ಅಷ್ಟು ದೂರದಿಂದಲೇ ಓದುತ್ತಿದ್ದೀರಿ ಎಂದು. 6/12 ಎಂದರೆ ಸಾಮಾನ್ಯ ಕಣ್ಣು 12 ಮೀಟರಿನಿಂದ ಓದುವುದನ್ನು ನೀವು 6 ಮೀಟರಿಗೆ ಬಂದರೆ ಮಾತ್ರ ಓದುತ್ತೀರಿ ಎಂದು. ಇಂಗ್ಲಿಷ್ ಅಕ್ಷರ ಬಾರದಿದ್ದರೆ ನಾಚಿಕೊಳ್ಳದೆ ಹೇಳಿ. ಕನ್ನಡದ ಚಾರ್ಟೂ ಇರುತ್ತದೆ, ಕೈಬೆರಳಿನಿಂದ ದಿಕ್ಕು ತೋರಿಸುವ ಚಾರ್ಟೂ ಇರುತ್ತದೆ. ಕಣ್ಣು ಕಿರಿದು ಮಾಡಿ ನೋಡುವುದು, ಬೆರಳ ಸಂದಿಯಿಂದ ಇನ್ನೊಂದು ಕಣ್ಣಲ್ಲಿ ಇಣುಕುವುದು, ಹಿಂದಿನವರು ಓದಿದ್ದನ್ನು ಕೇಳಿ ಒಪ್ಪಿಸುವುದು ಇವೆಲ್ಲ ತಪ್ಪು ನಂಬರಿಗೆ ದಾರಿ. ಜನ ಕಂಪ್ಯೂಟರ್ ಟೆಸ್ಟ್ ಎನ್ನುವ ಯಂತ್ರ ಕೊಡುವುದು ಅಂದಾಜು ಮಾತ್ರ. ಅದರ ಚೀಟಿಯನ್ನೇ ನಕಲು ಮಾಡಿ ಕನ್ನಡಕ ಕೊಡುವ ಕಡೆ ತಲೆನೋವನ್ನೂ ಕೊಂಡು ತರುತ್ತೀರಿ. ಟ್ರಯಲ್ ಫ್ರೇಮ್ ಹಾಕಿ, ಒಂದೊಂದೇ ಗಾಜು ಬದಲಿಸಿ, ಕೊನೆಗೆ ಅದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಸಿ ನೋಡಿದರೆ ಕೆಲಸ ಸರಿಯಾಗಿದೆ ಎನ್ನಬಹುದು.

ನಂತರ ಕಣ್ಣಿನ ಒತ್ತಡ. ಪಫ್ ಎಂದು ಗಾಳಿ ಊದುವ ಯಂತ್ರ ಮೊದಲ ಸುತ್ತಿಗೆ ಸಾಕು. ಬಿಗಿ ಕಾಲರ್, ಉಸಿರು ಬಿಗಿಹಿಡಿಯುವುದು, ರೆಪ್ಪೆ ಗಟ್ಟಿಯಾಗಿ ಮುಚ್ಚುವುದು ಇವುಗಳಿಂದ ಅಂಕಿ ಸುಳ್ಳೇ ಏರುತ್ತದೆ. ಅನುಮಾನ ಬಂದರೆ ಮರಗಟ್ಟಿಸುವ ಡ್ರಾಪ್ಸ್ ಮತ್ತು ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ಅಳೆಯುವ ಗೋಲ್ಡ್‌ಮನ್ ವಿಧಾನವನ್ನು ನೆಚ್ಚಬೇಕು. ಸಾಮಾನ್ಯ ಮಟ್ಟ ಪಾದರಸದ 10ರಿಂದ 21 ಮಿಲಿಮೀಟರ್. ಆದರೆ ಒತ್ತಡ 16 ಇದೆ ಎಂದು ಕೇಳಿ ನಿರಾಳವಾಗಬೇಡಿ. ಒತ್ತಡ ಸಾಮಾನ್ಯವಾಗಿದ್ದೂ ನರ ಸವೆಯುವ ಗ್ಲಾಕೋಮಾ ಉಂಟು, ಅದು ಅಪರೂಪವೂ ಅಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿದ್ದರೆ ಯಂತ್ರ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ದಪ್ಪವಾಗಿದ್ದರೆ ಹೆಚ್ಚು. ದಿನದಲ್ಲಿ ಹೊತ್ತಿನಿಂದ ಹೊತ್ತಿಗೂ ಅಂಕಿ ಬದಲಾಗುತ್ತದೆ. ಹಾಗಾಗಿ ಚೀಟಿಯಲ್ಲಿ ಅಂಕಿಯ ಜೊತೆ ವಿಧಾನ ಮತ್ತು ಗಂಟೆಯನ್ನೂ ಬರೆಸಿಕೊಳ್ಳಿ.

ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಡಾಕ್ಟರು ಕಣ್ಣಿನ ಮುಂಭಾಗ ನೋಡುವುದು ಪಾಪೆ ಹಿಗ್ಗಿಸುವ ಮೊದಲು. ಕಣ್ಣಿನೊಳಗಿನ ದ್ರವ ಹರಿದು ಹೋಗುವ ಮೂಲೆ ಕೆಲವರಲ್ಲಿ ಕಿರಿದಾಗಿರುತ್ತದೆ. ಅಂಥವರಿಗೆ ಪಾಪೆ ಹಿಗ್ಗಿಸಿದರೆ ಆ ಮೂಲೆ ಪೂರ್ತಿ ಮುಚ್ಚಿ ಒತ್ತಡ ಒಮ್ಮೆಲೇ ಏರಬಹುದು. ಕಿರಿದೆನಿಸಿದರೆ ಕಣ್ಣಿಗೆ ಚಿಕ್ಕ ಕನ್ನಡಿಯ ಲೆನ್ಸ್ ತಾಗಿಸಿ ಮೂಲೆ ನೋಡುತ್ತಾರೆ, ಅದಕ್ಕೆ ಗೋನಿಯೋಸ್ಕೋಪಿ ಎನ್ನುತ್ತಾರೆ. ಅಗತ್ಯವಿದ್ದರೆ ಕೆಲವೇ ನಿಮಿಷದ ಲೇಸರ್‌ನಿಂದ ಪಾಪೆಯ ಸುತ್ತಲಿನ ಬಣ್ಣದ ಪದರದ (ಐರಿಸ್) ಹೊರ ಅಂಚಿನಲ್ಲಿ ಸಣ್ಣ ಕಿಂಡಿ ಮಾಡಿದರೆ ದಾರಿ ಸುಗಮ. ಟಾರ್ಚ್ ಕೂಡ ಹಾಕಿ ನೋಡದೆ ಬಾಗಿಲಲ್ಲೇ ಎಲ್ಲರಿಗೂ ಡ್ರಾಪ್ಸ್ ಹಾಕಿ ಕೂರಿಸುವ ಕಡೆ, ಮೊದಲು ಡಾಕ್ಟರು ನೋಡಲಿ ಎಂದು ಕೇಳುವುದು ತಪ್ಪಲ್ಲ.

ಪಾಪೆ ಹಿಗ್ಗಿಸಲು ನಮ್ಮಲ್ಲಿ ಹೆಚ್ಚಾಗಿ ಟ್ರೋಪಿಕಮೈಡ್ ಮತ್ತು ಫಿನೈಲೆಫ್ರಿನ್ ಕೂಡಿದ ಡ್ರಾಪ್ಸ್ ಬಳಸುತ್ತಾರೆ. ಬಿಪಿ ತುಂಬ ಹೆಚ್ಚಿದ್ದವರು, ಹೃದಯದ ತೊಂದರೆ ಇರುವವರು ಮೊದಲೇ ಹೇಳಿದರೆ ಬರೀ ಟ್ರೋಪಿಕಮೈಡ್ ಹಾಕುತ್ತಾರೆ. ಸ್ವಲ್ಪ ಉರಿಯುತ್ತದೆ, ಬಾಯಲ್ಲಿ ಕಹಿ ಬರಬಹುದು. ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದಿಲ್ಲ. ಪಾಪೆ ಹಿಗ್ಗಲು 20ರಿಂದ 40 ನಿಮಿಷ ಬೇಕು. ಕಡುಕಂದು ಕಣ್ಣಿಗೆ ಎರಡು ಮೂರು ಸಲ ಡ್ರಾಪ್ಸ್ ಹಾಕಬೇಕಾದೀತು, ಸಕ್ಕರೆ ಕಾಯಿಲೆ ಹಳೆಯದಾದಷ್ಟೂ ಪಾಪೆ ಮೊಂಡು. ಆಮೇಲೆ ಸುಮಾರು 4ರಿಂದ 6 ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಅಂದು ಗಾಡಿ ಓಡಿಸಬೇಡಿ, ಬ್ಯಾಂಕಿನ ಕಾಗದಕ್ಕೂ ಜಮೀನಿನ ಕಾಗದಕ್ಕೂ ಸಹಿ ಹಾಕಬೇಡಿ.

ಈ ಮಸುಕಿಗೆ ಹೆದರಿಯೇ ಎಷ್ಟೋ ಜನ ಡ್ರಾಪ್ಸ್ ಬೇಡ, ಇವತ್ತು ಕೆಲಸ ಇದೆ ಎಂದು ಎದ್ದು ಹೋಗುತ್ತಾರೆ. ಹಾಗೆ ಹೋದರೆ ಬಂದ ಕೆಲಸದ ಮುಖ್ಯ ಭಾಗವೇ ಉಳಿದಂತೆ. ಕಿರಿದಾದ ಪಾಪೆಯಿಂದ ಅಕ್ಷಿಪಟದ ನಡುಭಾಗ ಕಂಡೀತು, ಅಂಚು ಕಾಣದು. ಹೆಚ್ಚು ನಂಬರು ಇರುವವರಲ್ಲಿ ಹರಿಯುವುದು ಅಂಚೇ. ಹಿಗ್ಗಿಸದೆ ತೆಗೆಯುವ ಅಕ್ಷಿಪಟದ ಫೋಟೋ ಸಕ್ಕರೆ ಕಾಯಿಲೆಯವರನ್ನು ಗುಂಪಿನಲ್ಲಿ ಸೋಸಲು ಒಳ್ಳೆಯದು, ಪೂರ್ತಿ ತಪಾಸಣೆಗೆ ಬದಲಿಯಲ್ಲ. ಓಸಿಟಿ ಎಂಬ ಸ್ಕ್ಯಾನು ಅಕ್ಷಿಪಟದ ಪದರಗಳನ್ನು ತೋರಿಸುತ್ತದೆ. ಮ್ಯಾಕುಲಾದಲ್ಲಿ ನೀರು ತುಂಬಿದೆಯೇ ಎಂದು ತಿಳಿಯಲು, ನರದ ಎಳೆಗಳ ದಪ್ಪ ಅಳೆಯಲು ಬೇಕು, ಎಲ್ಲರಿಗೂ ಪ್ರತಿಸಲವೂ ಬೇಕಿಲ್ಲ.

ಹಿಂಭಾಗ ನೋಡಿದ ಡಾಕ್ಟರು ಬರೆಯುವ ಸಿ.ಡಿ. ಅನುಪಾತವನ್ನು ಗಮನಿಸಿ. ದೃಷ್ಟಿ ನರದ ತಲೆಯ ನಡುವಿನ ಗುಳಿ ಎಷ್ಟು ಅಗಲ ಎಂಬುದರ ಲೆಕ್ಕ ಅದು. 0.3, 0.4 ಸಾಮಾನ್ಯ. 0.6 ಮೀರಿದರೆ ಅಥವಾ ಎರಡು ಕಣ್ಣುಗಳ ನಡುವೆ 0.2ರಷ್ಟು ಅಂತರವಿದ್ದರೆ ಗ್ಲಾಕೋಮಾದ ಅನುಮಾನ. ಆಗ ಫೀಲ್ಡ್ ಟೆಸ್ಟ್ ಹೇಳುತ್ತಾರೆ: ಬಟ್ಟಲಿನಂಥ ಯಂತ್ರದ ನಡುವಿನ ದೀಪವನ್ನೇ ನೋಡುತ್ತಾ, ಸುತ್ತ ಬೆಳಕಿನ ಚುಕ್ಕಿ ಮಿನುಗಿದಾಗಲೆಲ್ಲ ಗುಂಡಿ ಒತ್ತುವುದು. ಚುಕ್ಕಿಯನ್ನು ಹುಡುಕಿಕೊಂಡು ಕಣ್ಣು ತಿರುಗಿಸಿದರೆ ಪರೀಕ್ಷೆ ಕೆಟ್ಟಿತು. ಎಷ್ಟೋ ಚುಕ್ಕಿಗಳು ಆರೋಗ್ಯವಂತ ಕಣ್ಣಿಗೂ ಕಾಣದಷ್ಟು ಮಂಕಾಗಿರುತ್ತವೆ, ಕಾಣದಿದ್ದರೆ ಗಾಬರಿ ಬೇಡ. ಮೊದಲ ಸಲದ ಫಲಿತಾಂಶವನ್ನು ಡಾಕ್ಟರು ಅಷ್ಟಾಗಿ ನಂಬುವುದಿಲ್ಲ, ಇನ್ನೊಮ್ಮೆ ಮಾಡಿಸಲು ಹೇಳಿದರೆ ದುಡ್ಡು ಕೀಳಲು ಎಂದುಕೊಳ್ಳಬೇಡಿ.

ಹೊರಬರುವಾಗ ಕೈಯಲ್ಲಿರುವ ಚೀಟಿಯಲ್ಲಿ ಎರಡೂ ಕಣ್ಣಿನ ಕನ್ನಡಕ ಸಹಿತ ದೃಷ್ಟಿ, ಒತ್ತಡ, ಸಿ.ಡಿ. ಅನುಪಾತ, ಅಕ್ಷಿಪಟದ ಸ್ಥಿತಿ, ಮುಂದಿನ ತಪಾಸಣೆಯ ತಿಂಗಳು ಇರಬೇಕು. ಇಲ್ಲದಿದ್ದರೆ ಬರೆಸಿಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಆಸ್ಪತ್ರೆ ಬದಲಿಸಿದಾಗ ಹೊಸ ಸ್ಕ್ಯಾನಿಗಿಂತ ಹಳೆಯ ಈ ಅಂಕಿಗಳೇ ಹೆಚ್ಚು ಬೆಲೆಯವು.

ಕನ್ನಡಕದ ಚೀಟಿ

ಬಲಗಣ್ಣಿಗೆ ಸ್ಫಿಯರ್ ಮೈನಸ್ 1.50, ಸಿಲಿಂಡರ್ ಮೈನಸ್ 0.75, ಆಕ್ಸಿಸ್ 90, ಆಡ್ ಪ್ಲಸ್ 2.00 ಎಂದು ಬರೆದಿದೆ ಎನ್ನಿ. ಮೊದಲನೆಯದು ದೂರದ ನಂಬರು, ಸಿಲಿಂಡರ್ ಮತ್ತು ಆಕ್ಸಿಸ್ ಕಣ್ಣಿನ ಮೇಲ್ಮೈಯ ಅಸಮ ಬಾಗಿಗೆ. ಆಡ್ ಎಂದರೆ ಓದಲು ಕೂಡಿಸಬೇಕಾದ್ದು: ಮೈನಸ್ 1.50ಕ್ಕೆ ಪ್ಲಸ್ 2.00 ಕೂಡಿಸಿದರೆ ಓದುವ ಗಾಜಿನ ಸ್ಫಿಯರ್ ಪ್ಲಸ್ 0.50 ಆಗುತ್ತದೆಯೇ ಹೊರತು ಪ್ಲಸ್ 2.00 ಅಲ್ಲ. ಅಂಗಡಿಯವರು ಎಡವುವುದು ಇಲ್ಲಿ, ಮತ್ತು ಪ್ಲಸ್ ಮೈನಸ್ ಅದಲುಬದಲಾದಲ್ಲಿ. ಆಡ್ ವಯಸ್ಸಿನೊಂದಿಗೆ ಏರುತ್ತದೆ, 40ರ ಆರಂಭದಲ್ಲಿ ಸುಮಾರು 1.00, 50ರ ಹೊತ್ತಿಗೆ 2.00ರ ಹತ್ತಿರ, 60ರ ನಂತರ 2.50ರಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ಕನ್ನಡಕ ಹಾಕಿದ್ದರಿಂದ ನಂಬರು ಏರಿತು ಎಂಬ ದೂರಿಗೆ ಆಧಾರವಿಲ್ಲ, ಹಾಕದಿದ್ದರೂ ಏರುತ್ತಿತ್ತು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಆರು ತಿಂಗಳು ಹೋಗುವ ಹಿರಿಯರು ಹೊರಡುವ ಮುನ್ನವೇ ತಪಾಸಣೆ ಮುಗಿಸಿ, ಡ್ರಾಪ್ಸ್ ಅಷ್ಟೂ ತಿಂಗಳಿಗೆ ಸಾಕಾಗುವಷ್ಟು ಚೀಟಿ ಸಹಿತ ಒಯ್ಯುವುದು ಜಾಣತನ. ಅಲ್ಲಿ ಕೆಲವು ಡಾಕ್ಟರು ಸಿಲಿಂಡರನ್ನು ಪ್ಲಸ್‌ನಲ್ಲಿ ಬರೆಯುತ್ತಾರೆ. ಮೇಲಿನದೇ ನಂಬರು ಅವರ ಚೀಟಿಯಲ್ಲಿ ಮೈನಸ್ 2.25, ಪ್ಲಸ್ 0.75, ಆಕ್ಸಿಸ್ 180 ಎಂದಿರುತ್ತದೆ. ನಂಬರು ಬದಲಾಗಿಲ್ಲ, ಬರೆಯುವ ರೀತಿ ಬೇರೆ.

ದೂರದ್ದೂ ಓದುವುದೂ ಒಂದೇ ಗಾಜಿನಲ್ಲಿರುವ ಕನ್ನಡಕಗಳು ಬೈಫೋಕಲ್, ಪ್ರೋಗ್ರೆಸಿವ್. ಮೆಟ್ಟಿಲು ಇಳಿಯುವಾಗ ಎರಡರಲ್ಲೂ ಕೆಳಗಿನ ಓದುವ ಭಾಗದಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಗದ್ದ ತಗ್ಗಿಸಿ ಮೇಲ್ಭಾಗದಿಂದ ನೋಡುವುದನ್ನು ರೂಢಿಸಿಕೊಳ್ಳಬೇಕು. ಎಪ್ಪತ್ತು ದಾಟಿ ದಿನವೂ ವಾಕಿಂಗ್ ಹೋಗುವವರಿಗೆ ಹೊರಗೆ ಓಡಾಡಲು ಬರೀ ದೂರದ ಕನ್ನಡಕ ಬೇರೆಯೇ ಇದ್ದರೆ ಬೀಳುವ ಭಯ ಕಡಿಮೆ.

ಪೊರೆ ಹಣ್ಣಾಗಲಿ ಎಂದು ಕಾಯುವವರು

ನೇತ್ರತಜ್ಞ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲದಿಂದ, 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲಂತೂ, ನಮ್ಮ ಜನರಿಗೆ ಕಣ್ಣಿನ ಕಾಯಿಲೆ ಎಂದರೆ ಪೊರೆ ಎಂಬುದು ಮನಸ್ಸಿನಲ್ಲಿ ಕೂತಿದೆ. ಶಿಬಿರಗಳು ಹುಡುಕುವುದು ಮುಖ್ಯವಾಗಿ ಪೊರೆಯನ್ನೇ. ಶಿಬಿರದಲ್ಲಿ ಪೊರೆ ಇಲ್ಲ ಎಂದರು ಎನ್ನುವುದು ಕಣ್ಣಲ್ಲಿ ಬೇರೇನೂ ಇಲ್ಲ ಎಂದಾಗುವುದಿಲ್ಲ.

ಪೊರೆ ಹಣ್ಣಾಗುವವರೆಗೆ ಕಾಯುವುದು ಹಳೆಯ ಆಪರೇಷನ್ನಿಗೆ ಸರಿಯಿತ್ತು. ಈಗ ಫೇಕೋ ವಿಧಾನದಲ್ಲಿ ಲೆನ್ಸನ್ನು ಅಲ್ಟ್ರಾಸೌಂಡಿನಿಂದ ಒಡೆದು ಹೀರುತ್ತಾರೆ. ಲೆನ್ಸು ಗಟ್ಟಿಯಾದಷ್ಟೂ ಹೆಚ್ಚು ಶಕ್ತಿ ಬೇಕು, ಅದರಿಂದ ಕಾರ್ನಿಯಾಕ್ಕೆ ಪೆಟ್ಟು. ಬೆಳ್ಳಗಾಗಿ ಊದಿಕೊಂಡ ಪೊರೆ ಒತ್ತಡ ಏರಿಸಿ ಕಣ್ಣನ್ನೇ ಕೆಡಿಸಬಲ್ಲದು. ಪೊರೆ ಸ್ವಲ್ಪ ಇದೆ ಎಂದ ಮಾತ್ರಕ್ಕೆ ಓಡಿಹೋಗಿ ಆಪರೇಷನ್ ಮಾಡಿಸಬೇಕೆಂದೂ ಇಲ್ಲ. ನಿಮ್ಮ ಕೆಲಸಕ್ಕೆ, ಓದಿಗೆ, ರಾತ್ರಿ ಗಾಡಿ ಓಡಿಸುವುದಕ್ಕೆ ಅಡ್ಡಿಯಾದಾಗ ಅದರ ಸಮಯ. ಅರವತ್ತೈದರ ಅಜ್ಜಿ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪೇಪರ್ ಓದತೊಡಗಿದರೆ ಮನೆಯವರೆಲ್ಲ ಹಿಗ್ಗುತ್ತಾರೆ. ಲೆನ್ಸಿನ ನಡುಭಾಗ ಗಟ್ಟಿಯಾಗಿ ಕಣ್ಣು ಮೈನಸ್ಸಿಗೆ ತಿರುಗಿದೆ ಎಂಬ ಗುರುತು ಅದು, ಪೊರೆಯ ಆರಂಭ. ಆಪರೇಷನ್ ಆದ ಮೇಲೂ ವರ್ಷದ ತಪಾಸಣೆ ತಪ್ಪಿಸುವಂತಿಲ್ಲ, ಒಳಗಿನ ನರ ಹಳೆಯದೇ.

ಹಿರಿಯರು ತಾವಾಗಿ ಹೇಳುವುದು ಕಡಿಮೆ. ವಯಸ್ಸಾಯಿತಲ್ಲ, ಇಷ್ಟೇ ಎಂದು ಹೊಂದಿಕೊಳ್ಳುತ್ತಾರೆ. ಮನೆಯವರೇ ಗಮನಿಸಬೇಕು: ಅಕ್ಕಿಯಲ್ಲಿ ಕಲ್ಲು ಉಳಿಯತೊಡಗಿದ್ದು, ಹೂ ಕಟ್ಟುವುದನ್ನು ಬಿಟ್ಟಿದ್ದು, ಲೋಟದ ಹೊರಗೆ ಕಾಫಿ ಬಗ್ಗಿಸುವುದು, ಹೊಸಿಲ ಬಳಿ ಗೋಡೆ ತಡಕುವುದು, ಸಂಜೆಯಾದ ಮೇಲೆ ಹೊರಗೆ ಬರಲು ಒಲ್ಲೆ ಎನ್ನುವುದು. ಇವನ್ನು ಮರೆವು, ಸೋಮಾರಿತನ ಎಂದುಕೊಳ್ಳುವ ಮೊದಲು ಕಣ್ಣು ತೋರಿಸಿ.

ಎಲ್ಲಿ ತೋರಿಸುವುದು

ಕನ್ನಡಕದ ಅಂಗಡಿಯ ಆಪ್ಟೋಮೆಟ್ರಿಸ್ಟ್ ನಂಬರು ತೆಗೆಯಬಲ್ಲರು, ಅನುಮಾನ ಬಂದರೆ ಮುಂದಕ್ಕೆ ಕಳಿಸಬಲ್ಲರು. ಕಾಯಿಲೆ ನಿರ್ಧರಿಸಿ ಚಿಕಿತ್ಸೆ ಕೊಡುವುದು ಎಂಬಿಬಿಎಸ್ ಮೇಲೆ ಕಣ್ಣಿನ ವಿಭಾಗದಲ್ಲಿ ಎಂಎಸ್, ಡಿಎನ್‌ಬಿ ಮುಂತಾದ ಓದು ಮುಗಿಸಿದ ನೇತ್ರತಜ್ಞರು. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಈ ಪೂರ್ತಿ ತಪಾಸಣೆ ಸರ್ಕಾರಿ ದರದಲ್ಲೇ ಆಗುತ್ತದೆ. ಸಾಲು ಉದ್ದ, ಬೆಳಗ್ಗೆ ಬೇಗ ಹೋಗಬೇಕು. ಹಳ್ಳಿಯವರು ಕಣ್ಣಿನ ಆರೋಗ್ಯಕ್ಕೆಂದೇ ಇರುವ ಕರ್ನಾಟಕ ಸರ್ಕಾರದ ಆಶಾಕಿರಣ ಯೋಜನೆಯ ಬಗ್ಗೆ ತಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಬ್ರಿಟನ್ನಿನ ಇಂಗ್ಲೆಂಡಿನಲ್ಲಿ ನೆಲೆಸಿದವರಿಗೆ 60 ತುಂಬಿದ ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಕಣ್ಣಿನ ಪರೀಕ್ಷೆ ಉಚಿತ; ಹೆತ್ತವರಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ 40ರಿಂದಲೇ.

ಮುಂದಿನ ತಾರೀಖಿಗೆ ಕಾಯಬಾರದವು

ಕಣ್ಣ ಮುಂದೆ ಇದ್ದಕ್ಕಿದ್ದಂತೆ ಮಸಿ ಚೆಲ್ಲಿದಂತೆ ಕಪ್ಪು ಚುಕ್ಕಿಗಳು, ಮೂಲೆಯಲ್ಲಿ ಮಿಂಚು, ಒಂದು ಬದಿಯಿಂದ ಪರದೆ ಇಳಿದಂತೆ ಕತ್ತಲು: ಅಕ್ಷಿಪಟ ಹರಿಯುತ್ತಿರಬಹುದು. ಬರೀ ಹರಿದಿದ್ದರೆ ಲೇಸರ್ ಸಾಕು, ಕಳಚಿಕೊಂಡರೆ ದೊಡ್ಡ ಆಪರೇಷನ್ನೇ. ಅದೇ ದಿನ ಹೋಗಿ.

ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಬಂದರೆ ಒತ್ತಡ ಒಮ್ಮೆಲೇ ಏರಿದ ಗ್ಲಾಕೋಮಾ. ತಲೆನೋವು ಮತ್ತು ವಾಂತಿ ನೋಡಿ ಪಿತ್ತ, ಗ್ಯಾಸ್ಟ್ರಿಕ್, ಮೈಗ್ರೇನ್ ಎಂದು ಮಾತ್ರೆ ನುಂಗಿಸಿ ರಾತ್ರಿ ಕಳೆಯುವುದು ಇದರಲ್ಲಿ ಆಗುವ ದೊಡ್ಡ ತಪ್ಪು. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಜೇನು ಯಾವುದನ್ನೂ ಹಿಂಡಬೇಡಿ. ಸೋಂಕು ಸೇರಿದರೆ ಕಾರ್ನಿಯಾ ಹುಣ್ಣಾಗುತ್ತದೆ.

ನೋವಿಲ್ಲದೆ ಒಂದು ಕಣ್ಣು ಪೂರ್ತಿ ಕತ್ತಲಾದರೆ ಅಕ್ಷಿಪಟದ ರಕ್ತನಾಳ ಕಟ್ಟಿರಬಹುದು. ಅದೂ ಒಂದು ಬಗೆಯ ಪಾರ್ಶ್ವವಾಯು. ಮರಳಿ ಬಂದರೂ, ಹತ್ತು ನಿಮಿಷವಷ್ಟೇ ಕತ್ತಲಾಗಿದ್ದರೂ, ಮಿದುಳಿಗೆ ಪಾರ್ಶ್ವವಾಯು ಬರುವ ಮುನ್ಸೂಚನೆ ಎಂದೇ ತಿಳಿಯಬೇಕು. ಹೊಸದಾಗಿ ಒಂದು ವಸ್ತು ಎರಡಾಗಿ ಕಾಣುವುದು, ಜೊತೆಗೆ ರೆಪ್ಪೆ ಜೋತು ಬೀಳುವುದೂ ಇದೇ ಸಾಲಿನದು. ಇವೆರಡರಲ್ಲೂ ಕನ್ನಡಕದ ಅಂಗಡಿಗಾಗಲಿ, ನಾಳೆ ಬೆಳಗಿನ ಓಪಿಡಿಗಾಗಲಿ ಕಾಯದೆ, ತುರ್ತು ವಿಭಾಗ ಮತ್ತು ಸ್ಕ್ಯಾನಿಂಗ್ ಇರುವ ದೊಡ್ಡ ಆಸ್ಪತ್ರೆಗೆ ಆ ಹೊತ್ತಿಗೇ ಹೋಗಿ, ಶುರುವಾದ ಗಂಟೆಯನ್ನು ಅಲ್ಲಿ ಮೊದಲು ಹೇಳಿ.